ಪಟ್ಟಿಯಲ್ಲಿ ಎರಡನೆಯ ಹೆಸರು

ಬುಧವಾರ ಬೆಳಿಗ್ಗೆ ಎಂಟೂಕಾಲಿಗೆ ಗೆಸೀನೆ ಊಲ್‌ಹಾರ್ನ್ ಯುರೋಪಿಯನ್ ಕಾನೂನಿನ ಪಾಠ ಶುರುಮಾಡಿದಾಗ ಮುನ್ನೂರು ಆಸನಗಳ ಸಭಾಂಗಣದಲ್ಲಿ ಮೂವರು ವಿದ್ಯಾರ್ಥಿಗಳಿದ್ದರು. ಈ ಪಾಠಕ್ಕೆ ಸಂಬಳವಿಲ್ಲ. ವಾರಕ್ಕೆ ಎರಡು ಗಂಟೆ ಪುಕ್ಕಟೆ ಕಲಿಸದಿದ್ದರೆ ಹೆಸರಿಗೆ ಅಂಟಿದ ಬಿರುದು ಹೋಗುತ್ತದೆ. ಬಿರುದಿಲ್ಲದವರನ್ನು ಪ್ರೊಫೆಸರ್ ಹುದ್ದೆಗೆ ಯಾರೂ ಕರೆಯುವುದಿಲ್ಲ. ಆ ಕರೆಗಾಗಿ ಗೆಸೀನೆ ಹನ್ನೊಂದು ವರ್ಷಗಳಿಂದ ಕಾಯುತ್ತಿದ್ದರು.

“ಮೂರೇ ಜನಾನಾ, ಡಾಕ್ಟರೇ?” ಪಾಠ ಮುಗಿಸಿ ಹೊರಬಂದಾಗ ವಿಭಾಗದ ಕಾರ್ಯದರ್ಶಿ ಶ್ರೀಮತಿ ಟೀಟ್ಯೆನ್ ಕೇಳಿದರು.

“ಅದ್ರಲ್ಲೂ ಒಬ್ಬ ಮಳೆ ಅಂತ ಒಳಗೆ ಬಂದೋನು.”

“ನಾಳೆ ಹೋಗಿ ಚೆನ್ನಾಗಿ ಹಾಡಿ ಬನ್ನಿ. ಇನ್ನಾರು ತಿಂಗಳಿಗೆ ನಿಮಗೆ ಐವತ್ತು. ಐವತ್ತು ತುಂಬಿದೋರನ್ನ ನೀವು ಹೋಗ್ತಿರೋ ರಾಜ್ಯದಲ್ಲಿ ಕಾಯಂ ಮಾಡ್ಕೊಳಲ್ಲ.”

ಹಾಡುವುದೆಂದರೆ ಪ್ರೊಫೆಸರ್ ಹುದ್ದೆಯ ಆಯ್ಕೆ ಸಮಿತಿಯ ಮುಂದೆ ಪರೀಕ್ಷಾ ಉಪನ್ಯಾಸ ಕೊಡುವುದು. ಗೆಸೀನೆ ಜರ್ಮನಿಯ ಒಂಬತ್ತು ಊರುಗಳಲ್ಲಿ ಹಾಡಿದ್ದರು. ನಾಲ್ಕು ಕಡೆ, ಸಮಿತಿ ಆರಿಸುವ ಮೂವರ ಪಟ್ಟಿಯಲ್ಲಿ ಮೂರನೆಯವರಾಗಿದ್ದರು. ಮೂರನೆಯವರಾಗುವುದು ಗೌರವ, ಕೆಲಸವಲ್ಲ.

“ಸಮಿತಿ ಅಧ್ಯಕ್ಷರು ಆ ಸ್ಟೇಗೆಲ್ಮನ್ನೇ ಅಲ್ವಾ?” ಟೀಟ್ಯೆನ್ ದನಿ ತಗ್ಗಿಸಿದರು. “ನಿಮ್ ಪುಸ್ತಕ ಟೈಪ್ ಮಾಡಿದ್ದು ನಾನೇ. ಅಡಿಟಿಪ್ಪಣೀಲಿ ಅವರ ವಾದ ತಪ್ಪು ಅಂತ ಬರ್ದಿದ್ರಿ.”

“ತಪ್ಪು ಅಂದಿಲ್ಲ ರೀ. ಒಪ್ಪೋದು ಕಷ್ಟ ಅಂದಿದ್ದೆ.”

“ನಿಮ್ ವಿದ್ವಾಂಸರಲ್ಲಿ ಅದು ಬೈಗುಳ.”

ಒಂದು ದೇಶದ ಚೀಸನ್ನು ಇನ್ನೊಂದು ದೇಶ ಯಾವಾಗ ತನ್ನ ಅಂಗಡಿಗಳಿಂದ ದೂರ ಇಡಬಹುದು ಎಂಬುದೇ ಆ ಎಂಟುನೂರ ಹನ್ನೆರಡು ಪುಟಗಳ ಪುಸ್ತಕದ ಪ್ರಶ್ನೆ. ಉತ್ತರ: ಹೆಚ್ಚುಕಡಿಮೆ ಎಂದೂ ಇಲ್ಲ. ಮರುದಿನ ರೈಲಿನಲ್ಲಿ ಕೂತು ಗೆಸೀನೆ ಆ ಅಡಿಟಿಪ್ಪಣಿಗೆ ಹದಿನಾಲ್ಕು ಸಮರ್ಥನೆ ಬರೆದುಕೊಂಡರು.

ಉಪನ್ಯಾಸ ಮುಗಿದ ಮೇಲೆ ಸ್ಟೇಗೆಲ್ಮನ್ ಪುಸ್ತಕ ಎತ್ತಿಕೊಂಡರು. ಅಡಿಟಿಪ್ಪಣಿಯ ಪುಟವನ್ನಲ್ಲ, ಕೊನೆಯಲ್ಲಿದ್ದ ಹೆಸರುಗಳ ಸೂಚಿಯನ್ನು ತೆರೆದರು.

“ನನ್ ವಾದ ಒಪ್ಪೋದು ಬಿಡೋದು ನಿಮ್ಮಿಷ್ಟ. ಆದ್ರೆ ಎಂಟ್ನೂರು ಪುಟದಲ್ಲಿ ನನ್ ಹೆಸರು ಒಂದೇ ಸಲ ಬಂದಿದೆಯಲ್ಲಾ, ಡಾಕ್ಟರೇ?”

ಹದಿನಾಲ್ಕರಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ.

“ಆ ವಾದ ನೀವು ಮಾಡಿದ್ದೂ ಒಂದೇ ಸಲ, ಪ್ರೊಫೆಸರೇ. ಆಮೇಲೆ ಬರ್ದಿದ್ರಲ್ಲೆಲ್ಲ ಅದನ್ನೇ ಮತ್ತೆ ಮತ್ತೆ ಉಲ್ಲೇಖಿಸಿದ್ದೀರಿ, ಅಷ್ಟೇ.”

ಹಿಂದಿನ ಸಾಲಿನ ವಿದ್ಯಾರ್ಥಿಗಳು ಬೆರಳಿನ ಗೆಣ್ಣಿನಿಂದ ಡೆಸ್ಕು ಬಡಿದರು. ಇಲ್ಲಿ ಅದೇ ಚಪ್ಪಾಳೆ. ಸಮಿತಿಯ ಸದಸ್ಯರೊಬ್ಬರೂ ಬಡಿದರು, ಮೇಜಿನ ಕೆಳಗೆ.

ಆರು ವಾರಕ್ಕೆ ಪಟ್ಟಿ ಬಂತು. ಗೆಸೀನೆ ಎರಡನೆಯವರು. ಮೊದಲನೆಯವರಾದ ಆನ್ಸ್‌ಗಾರ್ ರೇಬೈನ್ ತಮ್ಮ ಪುಸ್ತಕದಲ್ಲಿ ಅಧ್ಯಕ್ಷರನ್ನು ತೊಂಬತ್ತಾರು ಸಲ ನೆನೆದಿದ್ದರು. ಅವರು ದಕ್ಷಿಣದ ಊರೊಂದರಲ್ಲಿ ಆಗಲೇ ಪ್ರೊಫೆಸರ್.

“ಹಾಗಾದ್ರೆ ಅವ್ರು ಬರೋದಿಲ್ಲ ಬಿಡಿ,” ಎಂದರು ಟೀಟ್ಯೆನ್. “ಈ ಕರೆ ತೋರ್ಸಿ ತಮ್ಮೂರಲ್ಲೇ ಇನ್ನೊಬ್ಬ ಸಹಾಯಕನ್ನ, ದೊಡ್ಡ ಕೋಣೇನ ಕೇಳ್ತಾರೆ. ಎಲ್ರೂ ಮಾಡೋದೇ ಅದು. ಕೊನೆಗೆ ಒಲ್ಲೆ ಅಂತಾರೆ, ಕೆಲಸ ನಿಮ್ದು.”

“ಯಾವಾಗ ಅಂತಾರೆ?”

“ಕೋಣೆಗೆ ಬಣ್ಣ ಹೊಡ್ಸಿಕೊಂಡ ಮೇಲೆ.”

ಗೆಸೀನೆ ಮೂರು ಕರಡು ಹರಿದುಹಾಕಿ ರೇಬೈನ್‌ಗೆ ಪತ್ರ ಬರೆದರು: ಅಭಿನಂದನೆ, ತಮ್ಮ ವಯಸ್ಸು, ಬೇಗ ತೀರ್ಮಾನಿಸಬೇಕೆಂಬ ಬೇಡಿಕೆ. ಎರಡು ಸಾಲಿನ ಉತ್ತರ ಬಂತು. ಮಾನ್ಯ ಸಹೋದ್ಯೋಗಿಯ ಕಳವಳ ಅರ್ಥವಾಗುತ್ತದೆ, ಮಾತುಕತೆ ನಡೆಯುತ್ತಿದೆ.

ಒಪ್ಪಿಗೆಯೋ ನಿರಾಕರಣೆಯೋ ತಿಳಿಸಲು ವಿಶ್ವವಿದ್ಯಾಲಯ ರೇಬೈನ್‌ಗೆ ನವೆಂಬರ್ ಮೂವತ್ತರವರೆಗೆ ಗಡುವು ಕೊಟ್ಟಿದೆ. ಗೆಸೀನೆಗೆ ಅದೇ ತಿಂಗಳ ಹತ್ತೊಂಬತ್ತಕ್ಕೇ ಐವತ್ತು ತುಂಬುತ್ತದೆ.