ಸೋಪು ಕಂಡ ಮರದ ಬೋನುಗಳು

ನನ್ನ ಮಾವ, ಗಂಡನ ಅಪ್ಪ, ಅಮೋಸ್ ಬಫ್ಟನ್ ಅವರಿಗೆ ಎಪ್ಪತ್ತೊಂದು ವರ್ಷ. ರ‍್ಯಾಡ್ನರ್ ಬೆಟ್ಟದ ಈ ಮಗ್ಗುಲಿನ ಹನ್ನೆರಡು ಹೊಲಮನೆಗಳಿಗೂ ಮೋಲ್ ಹಿಡಿದುಕೊಡುವವರು ಅವರೊಬ್ಬರೇ. ಮೋಲ್ ಇರುವುದು ಅಂಗೈಯಷ್ಟು. ಮೈಗೆ ಕಪ್ಪು ಮಖಮಲ್ಲು, ಕಣ್ಣು ಇದ್ದೂ ಇಲ್ಲದಷ್ಟು. ಹುಲ್ಲುಗಾವಲಿನ ಕೆಳಗೆ ಸುರಂಗ ತೋಡುತ್ತ, ತೋಡಿದ ಮಣ್ಣನ್ನು ಗುಪ್ಪೆ ಗುಪ್ಪೆಯಾಗಿ ಮೇಲೆ ನೂಕುತ್ತ ಹೋಗುತ್ತದೆ. ಗುಪ್ಪೆಯಲ್ಲೊಂದು ಕಲ್ಲಿದ್ದರೆ ಹುಲ್ಲು ಕೊಯ್ಯುವ ಯಂತ್ರದ ಅಲಗು ಮುರಿಯಿತೆಂದೇ ಲೆಕ್ಕ. ಮಣ್ಣು ಬೆರೆತ ಒಣಹುಲ್ಲನ್ನು ದನ ಮೂಸಿಯೂ ನೋಡುವುದಿಲ್ಲ. ಆದ್ದರಿಂದ ಮಾವ ಯಾರ ಅಂಗಳಕ್ಕೆ ಕಾಲಿಟ್ಟರೂ ಚಹಾ ತಾನಾಗಿ ಬರುತ್ತದೆ.

ಅವರು ಅಪ್ಪನ ಹಿಂದೆ ಬೋನಿನ ಚೀಲ ಹೊತ್ತು ಹೊರಟಾಗ ವಯಸ್ಸು ಏಳು. ಆ ಕಾಲದಲ್ಲಿ ಬೋನುಗಳು ಸುಟ್ಟ ಮಣ್ಣಿನವು, ಕುಂಬಾರ ಮಾಡಿಕೊಡುತ್ತಿದ್ದ. ಹಸು ತುಳಿದರೆ ಚೂರು. ಮದುವೆಯಾದ ವರ್ಷ ಮಾವ ಮಣ್ಣಿನವನ್ನೆಲ್ಲ ಕೈಬಿಟ್ಟು, ನೀರಲ್ಲಿ ಕೊಳೆಯದ ಆಲ್ಡರ್ ಮರದಲ್ಲಿ ಕೊರೆಯತೊಡಗಿದರು. ಅತ್ತೆ ತೀರಿಕೊಂಡ ಚಳಿಗಾಲದಲ್ಲೂ ಕೊರೆಯುವುದು ನಿಲ್ಲಲಿಲ್ಲವಂತೆ. ಈಗ ಇಪ್ಪತ್ತೆರಡು ಇವೆ. ಅವುಗಳ ಮರ್ಮವನ್ನು ಹತ್ತು ತಿಂಗಳ ನನ್ನ ಮಗಳು ಮಾರ್ಗೆಡ್‌ಗೆ ತೊಡೆಯ ಮೇಲೆ ಕೂರಿಸಿಕೊಂಡು ದಿನವೂ ಹೇಳುತ್ತಾರೆ.

"ನೋಡು ಪುಟ್ಟಿ, ಇದು ಕೊಳವೆ. ಸುರಂಗದ ಅಳತೆಗೆ ಸರಿಯಾಗಿ ಕೂರುತ್ತೆ. ಎರಡೂ ಬಾಯಲ್ಲಿ ಒಂದೊಂದು ಉರುಳು, ಕುದುರೆ ಬಾಲದ ಕೂದಲಿಂದು. ಗಂಡುಕುದುರೆದೇ ಆಗ್ಬೇಕು. ಹೆಣ್ಣುಕುದುರೆ ಬಾಲಕ್ಕೆ ಉಚ್ಚೆ ತಾಗಿ ತಾಗಿ ಕೂದಲು ಮೆತ್ತಗಾಗಿರುತ್ತೆ. ನಗ್ಬೇಡ! ಉರುಳಿನ ದಾರ ಮೇಲೆ ಬಂದು ಬಗ್ಗಿಸಿದ ಹೇಜಲ್ ಕೋಲಿಗೆ ಕಟ್ಟಿರುತ್ತೆ. ಆ ಕೋಲನ್ನ ಹಿಡಿದಿಟ್ಟಿರೋದು ನಡುವಿನ ತೂತಲ್ಲಿರೋ ಈ ಬೆಣೆ. ಮೋಲಪ್ಪ ಮೂಗಲ್ಲಿ ಬೆಣೆ ನೂಕಿದನೋ, ಕೋಲು ಠಪ್ ಅಂತ ಎದ್ದು ಉರುಳನ್ನ ಬಿಗಿಯುತ್ತೆ. ಆಮೇಲೆ?"

ಮಾರ್ಗೆಡ್ ಬೆಣೆಯನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆ. ಪಾಠ ಅಲ್ಲಿಗೆ ಮುಗಿಯುತ್ತದೆ.

ಈ ಮಾರ್ಚ್‌ನಲ್ಲಿ ಮಾವನ ಕಸುಬಿಗೇ ಕುತ್ತು ಬಂತು. ಹೊಳೆಯಂಚಿನ ದೊಡ್ಡ ಹುಲ್ಲುಗಾವಲಿನ ಒಡತಿ ಹೆಸ್ಟರ್ ಗಿಟೋಸ್ ಸೋಮವಾರ ನಮ್ಮ ಬಾಗಿಲಿಗೇ ಬಂದಳು. ಗಂಡ ಸತ್ತ ಮೇಲೆ ಒಬ್ಬಳೇ ಬೇಸಾಯ ಮಾಡುವವಳು, ನಾಲಿಗೆ ಕುಡುಗೋಲು.

"ಏನಯ್ಯಾ ಅಮೋಸ್, ನೀನು ಎರಡು ವಾರ ಕೆಮ್ಮು ಅಂತ ಮಲಗಿದ್ದೆ. ನನ್ನ ಗಾವಲಲ್ಲಿ ಮೂವತ್ತು ಗುಪ್ಪೆ ಎದ್ದಿದೆ. ಶನಿವಾರ ನೆಲ ಸಮ ಮಾಡೋಕೆ ರೋಲರ್ ಎಳೆಸ್ತೀನಿ. ಅಷ್ಟರಲ್ಲಿ ಮೋಲ್ ಸಿಗ್ಲಿಲ್ಲ ಅಂದ್ರೆ ಕ್ಲೆಮ್ ವೇಡ್‌ನ ಕರೆಸ್ತೀನಿ. ಅವನ ಹತ್ರ ಕಬ್ಬಿಣದ ಬೋನಿದೆಯಂತೆ, ಕತ್ತರಿ ಥರಾ."

"ಮೂವತ್ತು ಗುಪ್ಪೆಗೆ ಮೂವತ್ತು ಮೋಲ್ ಅಲ್ಲ ಹೆಸ್ಟರಮ್ಮಾ. ಹೆಣ್ಣು ಹುಡುಕ್ಕೊಂಡು ಹೊರಟಿರೋ ಒಂದೇ ಗಂಡು ಅದು."

"ಒಂದೇ ಅಲ್ವಾ? ಇನ್ನೂ ಸುಲಭ ಆಯ್ತು."

ಅವಳು ಹೋದ ಮೇಲೆ ಮಾವ ನಕ್ಕರು, ಆದರೆ ಪೈಪು ಹಚ್ಚಲು ಮರೆತರು. ಆ ಗಾವಲು ಅವರ ಅಪ್ಪನ ಕಾಲದಿಂದ ನಮ್ಮದೇ ಪಾಲಿನ ಕೆಲಸ. ಅದು ಕ್ಲೆಮ್ ಕೈಗೆ ಹೋದರೆ ಉಳಿದ ಹನ್ನೊಂದು ಮನೆಗಳೂ ಕುರಿಗಳಂತೆ ಅದರ ಹಿಂದೆಯೇ ಹೋಗುತ್ತವೆ.

ಮಂಗಳವಾರ ಮಳೆಹನಿಯಲ್ಲೇ ಆರು ಬೋನು ಹೂಳಿ ಬಂದರು. ಬುಧವಾರ ನೋಡಿದರೆ ಆರರಲ್ಲೂ ಮಣ್ಣು ಗಿಡಿದು ತುಂಬಿದೆ. ಕೋಲುಗಳು ಬಗ್ಗಿದಲ್ಲೇ ಇವೆ. ಬೇರೆ ಆರು ಇಟ್ಟರು. ಗುರುವಾರ ಅವೂ ಹಾಗೆಯೇ. ಮೋಲ್ ಬೋನಿನವರೆಗೆ ಬಂದು, ನಿಂತು, ಯೋಚಿಸಿ, ಮುಖಕ್ಕೆ ಹೊಡೆದಂತೆ ಬಾಗಿಲು ಮುಚ್ಚಿ ಹೋಗಿತ್ತು.

ಮಧ್ಯಾಹ್ನದ ಚಹಾಕ್ಕೆ ಕುಳಿತ ಮಾವ ತಮ್ಮ ಕೈಗಳನ್ನೇ ತಿರುಗಿಸಿ ಮುರುಗಿಸಿ ನೋಡಿಕೊಂಡರು.

"ಕೈ ಹೋಯ್ತು ಮಗಾ. ಅರವತ್ನಾಲ್ಕು ವರ್ಷದಲ್ಲಿ ಹನ್ನೆರಡಕ್ಕೆ ಹನ್ನೆರಡೂ ತಪ್ಪಿದ್ದಿಲ್ಲ. ನಾಳೆ ಹೆಸ್ಟರ್‌ಗೆ ಹೇಳ್ಬಿಡ್ತೀನಿ, ಕ್ಲೆಮ್‌ನ ಕರೆಸ್ಕೋ ಅಂತ."

"ಯಾಕೆ ಮಾವ, ಬೋನು ಇಡೋವಾಗ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ?"

"ಎಂಥದೂ ಇಲ್ಲ. ಕೈಗೆ ಸುರಂಗದ ಮಣ್ಣು ತಿಕ್ಕೊಂಡೇ ಮುಟ್ಟಿದ್ದು. ಪೈಪೂ ಸೇದಿಲ್ಲ. ಅದಕ್ಕೆ ಕಣ್ಣಿಲ್ಲ ನಿಜ, ಮೂಗಿದೆ ನೋಡು! ಹೊಸ ಮರದ ವಾಸನೆ ಬಂದ್ರೂ ಮುಟ್ಟಲ್ಲ. ಅದಕ್ಕೇ ಹೊಸ ಬೋನನ್ನ ಒಂದು ಚಳಿಗಾಲ ಕೆಸರಲ್ಲಿ ಹೂತಿಡೋದು."

ನನ್ನ ಕೈಯಲ್ಲಿದ್ದ ಬ್ರೆಡ್ಡು ಕೈಯಲ್ಲೇ ಉಳಿಯಿತು.

ಮಾವ ಮಲಗಿದ್ದ ಆ ಎರಡು ವಾರ ನಾನು ವಸಂತದ ಸ್ವಚ್ಛತೆಗೆ ಇಳಿದಿದ್ದೆ. ಪರದೆ ಒಗೆದೆ, ಹೊಗೆಗೂಡು ಗುಡಿಸಿದೆ, ಕೊಟ್ಟಿಗೆಗೆ ಬಂದೆ. ಗೂಟದಲ್ಲಿ ನೇತಾಡುತ್ತಿದ್ದ ಇಪ್ಪತ್ತೆರಡು ಬೋನುಗಳಿಗೆ ಹಳೆಯ ಕೆಸರು ಮೆತ್ತಿಕೊಂಡಿತ್ತು. ಮಗು ಬಾಯಿಗಿಡುವ ಬೆಣೆಗಳಿಗೂ ಅದೇ ಕೆಸರು. ಪಾಪ ಮಾವ, ತೊಳೆಯಲು ಯಾರೂ ಇಲ್ಲವೆಂದು ಮರುಗಿ, ನೀರು ಕಾಯಿಸಿ, ಸೋಡ ಹಾಕಿ, ಆಸ್ಪತ್ರೆಯ ವಾಸನೆ ಹೊಡೆಯುವ ಕೆಂಪು ಕಾರ್ಬಾಲಿಕ್ ಸೋಪಿನಿಂದ ಒಂದೊಂದನ್ನೂ ಉಜ್ಜಿದೆ. ಒಳಗಡೆಗೆ ಬಾಟಲಿ ತೊಳೆಯುವ ಬ್ರಷ್ಷು. ಒಣಗಿಸಿ ಅವರ ಚೀಲಕ್ಕೂ ನಾನೇ ತುಂಬಿಟ್ಟೆ. ಆಲ್ಡರ್ ತೊಳೆದರೂ ಕಪ್ಪಗೇ ಇರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಐವತ್ತು ವರ್ಷ ಪೈಪು ಎಳೆದ ಮಾವನ ಮೂಗಿಗೆ ಈರುಳ್ಳಿಯೂ ಗುಲಾಬಿಯೂ ಒಂದೇ.

ಹೇಳದೆ ಸುಮ್ಮನಿದ್ದರೆ ಅವರು ತಮ್ಮ ಕೈಯನ್ನೇ ಬೈದುಕೊಂಡು ಕೂರುತ್ತಾರೆ. ಹೇಳಿಬಿಟ್ಟೆ.

"ಮಾವ, ಕೈ ಹೋಗಿಲ್ಲ. ನಾನು ಅವನ್ನೆಲ್ಲ ತೊಳ್ದುಬಿಟ್ಟೆ."

"ಏನನ್ನ?"

"ಬೋನನ್ನ. ಸೋಪು ಹಾಕಿ."

ಮಾವ ಬಟ್ಟಲನ್ನು ನಿಧಾನವಾಗಿ ಕೆಳಗಿಟ್ಟರು. "ಎಷ್ಟು?"

"ಎಲ್ಲಾನೂ."

"ಯಾವ ಸೋಪು?"

"ಕಾರ್ಬಾಲಿಕ್."

ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನಾನು ಎದ್ದೇ ಬಿಟ್ಟೆ. ನೋಡಿದರೆ ನಗು, ಕೆಮ್ಮು, ಮತ್ತೆ ನಗು. "ಅಯ್ಯೋ ಹುಡುಗೀ! ಪಾಪ, ಆ ಮೋಲ್ ಆಸ್ಪತ್ರೆಗೆ ಬಂದ್ಬಿಟ್ಟೆ ಅಂದ್ಕೊಂಡಿರುತ್ತೆ!" ನಗು ಇಳಿದ ಮೇಲೆ ಗಡ್ಡ ಕೆರೆದುಕೊಂಡರು. "ಆ ವಾಸನೆ ಹೋಗೋಕೆ ತಿಂಗಳು ಬೇಕು. ನಮಗಿರೋದು ಶುಕ್ರವಾರ ಒಂದೇ. ಬೋನೇ ಇಲ್ಲದ ಕಾಲದಲ್ಲಿ ನಮ್ಮಜ್ಜ ಗುದ್ದಲಿ ಹಿಡಿದು ಕಾಯ್ತಿದ್ದ. ಆದ್ರೆ ನನ್ನ ಮೊಣಕಾಲಿಗೆ ಆ ಚುರುಕಿಲ್ಲ."

"ನನ್ನ ಮೊಣಕಾಲು ಚೆನ್ನಾಗಿದೆ ಮಾವ," ಎಂದೆ.

ಶುಕ್ರವಾರ ಎಂಟಕ್ಕೆ ಮೊದಲೇ ಗಾವಲಿಗೆ ಹೋದೆವು. ನನ್ನ ಗಂಡ ಈಯುವ ಕುರಿಗಳನ್ನು ನೋಡಿಕೊಳ್ಳಲು ಬೆಟ್ಟ ಹತ್ತಿದ್ದರಿಂದ ಮಾರ್ಗೆಡ್ ಕೂಡ ಬಂದಳು. ಮೋಲ್ ದಿನಕ್ಕೆ ಮೂರು ಹೊತ್ತು ಕೆಲಸ ಮಾಡುತ್ತದೆಂಬುದು ಮಾವನ ಲೆಕ್ಕ: ಎಂಟಕ್ಕೆ, ಹನ್ನೆರಡಕ್ಕೆ, ನಾಲ್ಕಕ್ಕೆ. ಹೊಸ ಗುಪ್ಪೆಯ ಹತ್ತಿರ ನನ್ನ ಬೂಟು ಬಿಚ್ಚಿಸಿ, ಕೈಗೆ ಗುದ್ದಲಿ ಕೊಟ್ಟು ನಿಲ್ಲಿಸಿದರು. ಹಲ್ಲು ಬರುತ್ತಿದ್ದ ಮಗುವಿನ ಬಾಯಿಗೆ ಒಣ ಬ್ರೆಡ್ಡಿನ ತುಂಡು ಕೊಟ್ಟು ಎತ್ತಿಕೊಂಡರು.

"ಉಸಿರಾಡು ಪರವಾಗಿಲ್ಲ, ಕಾಲು ಮಾತ್ರ ಎತ್ಬೇಡ, ನೆಲ ಅದುರಿದ್ರೆ ಅದಕ್ಕೆ ಗೊತ್ತಾಗುತ್ತೆ. ನನ್ನ ಬೆರಳು ಎದ್ದಾಗ ಹೊಡಿ. ಗುಪ್ಪೆಗಲ್ಲ, ಮೋಲ್ ಬೆನ್ನ ಹಿಂದೆ. ದಾರಿ ಕಡೀಬೇಕು."

ಎಂಟಕ್ಕೆ ಮಣ್ಣು ಅಲುಗಿತು. ಬೆರಳು ಎದ್ದಿತು. ನಾನು ಗುಪ್ಪೆಗೇ ಹೊಡೆದೆ.

"ಶಹಬ್ಬಾಸ್. ಗುಪ್ಪೆ ಸತ್ತೋಯ್ತು," ಎಂದರು ಮಾವ.

ಹನ್ನೆರಡಕ್ಕೆ ಅದು ಬರಲೇ ಇಲ್ಲ. ನಾಲ್ಕಕ್ಕೆ ನನ್ನ ಪಾದಗಳು ಕಲ್ಲಾಗಿದ್ದವು, ಎದೆಯಲ್ಲಿ ಹಾಲು ಕಟ್ಟಿ ನೋಯುತ್ತಿತ್ತು, ಮಾರ್ಗೆಡ್ ರಾಗ ತೆಗೆಯಲು ಬಾಯಿ ತೆರೆದಿದ್ದಳು. ಮಾವ ತಮ್ಮ ಕಿರುಬೆರಳನ್ನು ಅವಳ ಬಾಯಿಗಿಟ್ಟರು. ಆಗಲೇ ಹುಲ್ಲು ನಡುಗಿತು. ಕಪ್ಪು ಮಣ್ಣು ಹಿಟ್ಟಿನಂತೆ ಉಕ್ಕಿತು. ಮಾವನ ಎರಡೂ ಕೈ ಮಗುವಿನ ಪಾಲಾಗಿದ್ದವು, ಎದ್ದದ್ದು ಹುಬ್ಬು. ನಾನು ಒಂದು ಗೇಣು ಹಿಂದಕ್ಕೆ ಗುದ್ದಲಿ ಇಳಿಸಿ ಮೀಟಿದೆ. ಮಣ್ಣಿನ ಜೊತೆ ಅದು ಹುಲ್ಲಿನ ಮೇಲೆ ಬಂದು ಬಿತ್ತು.

ಅದರ ಮುಂಗೈಗಳು ಗುಲಾಬಿ ಬಣ್ಣ, ಅಂಗೈ ಹೊರಕ್ಕೆ ತಿರುಗಿ, ಎತ್ತಿಕೋ ಎನ್ನುವ ಮಗುವಿನ ಹಾಗೆ. ನನ್ನಿಂದ ಮುಂದೆ ಆಗಲಿಲ್ಲ. ಮಾವ ಮಗುವನ್ನು ನನಗೆ ಕೊಟ್ಟು, ಬೆನ್ನು ತಿರುಗಿಸಿ ನಿಂತು, ಕ್ಷಣದಲ್ಲಿ ಆ ಕೆಲಸ ಮುಗಿಸಿದರು. ನಾನು ಅಲ್ಲೇ ಬೇಲಿಯ ಮರೆಯಲ್ಲಿ ಕುಳಿತು ಮಾರ್ಗೆಡ್‌ಗೆ ಹಾಲು ಕುಡಿಸಿದೆ.

ಶನಿವಾರ ಹೆಸ್ಟರ್ ರೋಲರ್ ಕುದುರೆಯ ಹಗ್ಗ ಹಿಡಿದು ಗಾವಲಿನ ಈ ತುದಿಯಿಂದ ಆ ತುದಿಗೆ ನಡೆದಳು. ಹೊಸ ಗುಪ್ಪೆ ಒಂದೂ ಇರಲಿಲ್ಲ.

"ಸಿಕ್ತಾ? ಯಾವ ಬೋನಲ್ಲಿ?"

ಮಾವ ಮುಚ್ಚಿಡಲಿಲ್ಲ, ಸೋಪಿನಿಂದ ಹಿಡಿದು ಗುದ್ದಲಿಯವರೆಗೆ ಎಲ್ಲ ಹೇಳಿದರು. ಹೆಸ್ಟರ್ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಇವನಿಗೆ ಮೂಗಿಲ್ಲ, ಮೊಣಕಾಲಿಲ್ಲ. ನಿನಗೆ ಬುದ್ಧಿಯಿಲ್ಲ. ಇಬ್ರನ್ನೂ ಸೇರಿಸಿದ್ರೆ ಒಬ್ಬ ಮೋಲ್ ಹಿಡಿಯೋನು ಆಗ್ತಾನೆ. ಶರತ್ಕಾಲಕ್ಕೆ ಇಬ್ರೂ ಬನ್ನಿ. ಕ್ಲೆಮ್‌ಗೆ ಬರ್ಬೇಡ ಅಂತ ನಾನು ಹೇಳ್ತೀನಿ."

"ಮಗೂನೂ ಕರ್ಕೊಂಡು ಬರ್ಲಾ?" ಎಂದೆ.

"ಮಗು ಬರ್ದಿದ್ರೆ ಈ ಅಮೋಸ್ ಬಾಯಿ ಮುಚ್ಚಿಸೋರು ಯಾರು?" ಎನ್ನುತ್ತ ಅವಳು ಕುದುರೆಯನ್ನು ಎಳೆದಳು.