ಸದ್ದಿಲ್ಲದ ಚೌಕಟ್ಟು
ಯಲ್ಲಾಪುರದ ತಗಡಿನಂಗಡಿಯ ಮೈಮೂನಾಳಿಗೆ ಸ್ಕೇಲಿನ ಅಂಕಿ ಓದಲು ಬರುವುದಿಲ್ಲ, ಆದರೆ ಕಂಪ್ಯೂಟರ್ ಡಬ್ಬಿಯೊಳಗೆ ಹಾರ್ಡ್ ಡಿಸ್ಕ್ ಕೂರಿಸಲು ತಗಡಿನ ಚೌಕಟ್ಟು ಬೇಕೆಂದರೆ ಶಿರಸಿಯವರೂ ಅವಳನ್ನೇ ಹುಡುಕಿಕೊಂಡು ಬರುತ್ತಾರೆ. ಅಳತೆ ಬರೆದ ಚೀಟಿ ಕೊಟ್ಟರೆ, “ಚೀಟಿ ನೀನೇ ಇಟ್ಕೋ ಮಾರಾಯಾ, ಡಿಸ್ಕ್ ತಗೊಂಡು ಬಾ” ಎನ್ನುತ್ತಾಳೆ. ಡಿಸ್ಕನ್ನು ರಟ್ಟಿನ ಮೇಲಿಟ್ಟು ಸುತ್ತ ಗೆರೆ ಎಳೆದು, ತೂತಿನ ಜಾಗಕ್ಕೆ ಸೂಜಿ ಚುಚ್ಚಿ, ಮೂರು ಸಲ ನೋಡಿದ ಮೇಲೆಯೇ ಕತ್ತರಿ ತಗಡಿಗೆ ತಾಗಬೇಕು. ತೂತು ಕೂದಲೆಳೆಯಷ್ಟು ಸರಿದರೂ ಆ ತಗಡು ಮೂಲೆಗೆ ಹೋಗುತ್ತದೆ. ಅದುರದಂತೆ ಸ್ಕ್ರೂವಿನ ಅಡಿಗೆ ಸೈಕಲ್ ಟ್ಯೂಬಿನ ಬಿಲ್ಲೆ ಇಟ್ಟು ಬಿಗಿದು ಪಕ್ಕದ ತಗಡು ಮುಚ್ಚಿದಳೆಂದರೆ, ಡಿಸ್ಕ್ ತಿರುಗುತ್ತಿದೆಯೋ ಇಲ್ಲವೋ ತಿಳಿಯಲು ಕಿವಿ ಹಚ್ಚಬೇಕು. “ಮಾಗೋಡು ಜಲಪಾತಕ್ಕೂ ಒಂದು ಚೌಕಟ್ಟು ಬಡಿದುಕೊಡಿ ಚಾಚಿ, ಸುಮ್ಮನಾಗ್ತದೆ” ಎಂದು ಮಂಚಿಕೇರಿಯ ಝೆರಾಕ್ಸ್ ಅಂಗಡಿಯ ಸುನೀಲ ನಗುತ್ತಾನೆ. “ಅಳತೆಗೆ ಅದನ್ನೂ ಇಲ್ಲಿಗೇ ತಗೊಂಡು ಬಾ” ಎನ್ನುತ್ತಾಳೆ ಇವಳು, ತಲೆಯೆತ್ತದೆ. ಅಂಥವಳ ಅಂಗಡಿಯಲ್ಲಿ ಮಗಳು ಲೆಕ್ಕ ಬರೆಯುವ ಸ್ವಂತ ಕಂಪ್ಯೂಟರ್ ಮಾತ್ರ ದಿನವಿಡೀ ಗಡಗಡ ಎನ್ನುತ್ತದೆ. ಅದರ ಚೌಕಟ್ಟಿನ ಒಂದು ತೂತು ಓರೆ. ನಾಲ್ಕನೆಯ ಸ್ಕ್ರೂ ಕೂರುವುದೇ ಇಲ್ಲ. ಮೊನ್ನೆ ಮಗಳು ಉಜ್ಮಾ ತಾಳಲಾರದೆ, “ಅಮ್ಮೀ, ಊರಿಗೆಲ್ಲ ಮಾಡಿಕೊಡ್ತೀರಿ, ಇದಕ್ಕೊಂದು ಹೊಸದು ಹಾಕಿ, ತಲೆ ನೋಯ್ತದೆ” ಎಂದು ಬಿಚ್ಚಲು ಕೂತಳು. ಮೈಮೂನಾ ಅವಳ ಕೈ ಹಿಡಿದಳು. “ಇರ್ಲಿ ಬಿಡು. ಅದು ನಿನ್ನ ಅಬ್ಬಾ ಮಾಡಿದ್ದು.” ಕಣ್ಣು ಮಂಜಾದ ಮೇಲೆ ಗಂಡ ದಾದಾಸಾಬ ಬಡಿದ ಕೊನೆಯ ಚೌಕಟ್ಟು ಅದು, ಅವನು ತೀರಿಹೋಗಿ ಮೂರು ವರ್ಷ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದವಳೇ ಅವಳು ಮೊದಲು ಆ ಕಂಪ್ಯೂಟರಿನ ಗುಂಡಿ ಒತ್ತುತ್ತಾಳೆ. ಗಡಗಡ ಶುರುವಾದ ಮೇಲೆಯೇ ಕತ್ತರಿ ಕೈಗೆತ್ತಿಕೊಳ್ಳುತ್ತಾಳೆ.