ಮೂಲೆ ಹರಿದ ಕಾರ್ಡು

ಹಾವೇರಿಯ ನಮ್ಮ ಓಣಿಯ ಪೋಸ್ಟ್ ಆಫೀಸು ಯಾಕೆ ಹೋಯಿತು ಎಂದು ಕೇಳಿದರೆ ಜನ ಇವತ್ತಿಗೂ ಮೊಬೈಲಿನ ಮೇಲೆ ತಪ್ಪು ಹಾಕುತ್ತಾರೆ. ಮೊಬೈಲು ಪಾಪ, ಆಮೇಲೆ ಬಂದದ್ದು. ಪೋಸ್ಟ್ ಆಫೀಸು ಹೋದದ್ದು ನನ್ನಿಂದ.

ಅದು ಇದ್ದದ್ದೇ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ. ಮೊದಲು ಹಿಟ್ಟಿನ ಗಿರಣಿಯ ಪಕ್ಕದ ಖೋಲಿಯಲ್ಲಿತ್ತಂತೆ. ಅಲ್ಲಿ ಕಾಗದಪತ್ರಗಳ ಮೇಲೆಲ್ಲ ಹಿಟ್ಟು ಕೂರುತ್ತದೆ ಎಂಬ ಗೋಳು ಕೇಳಿ ಅಪ್ಪ ತಾವೇ ಕರೆದು ಜಾಗ ಕೊಟ್ಟರು. ಒಂದು ಮೇಜು, ತಕ್ಕಡಿ, ಗೋಂದಿನ ಡಬ್ಬಿ, ಸರಳಿನ ಕಿಟಕಿ, ಹೊರಗೆ ಗೋಡೆಗೆ ಕೆಂಪು ಡಬ್ಬಿ. ಆಫೀಸು ಇಷ್ಟೇ. ಆದರೆ ಅಪ್ಪನ ಠೀವಿ ನೋಡಿದರೆ ಜಿಲ್ಲಾಧಿಕಾರಿ ಕಚೇರಿಯೇ ನಮ್ಮ ಮನೆಯಲ್ಲಿದೆ ಅನ್ನಬೇಕು.

ಪೋಸ್ಟ್ ಮಾಸ್ತರರು ಅಗಡಿಯಿಂದ ಸೈಕಲ್ ಮೇಲೆ ಬರುತ್ತಿದ್ದರು. ಕಿಟಕಿಯಲ್ಲಿ ಕೂರುವವರೂ ಅವರೇ, ಮಧ್ಯಾಹ್ನ ಓಣಿಗೆ ಟಪಾಲು ಹಂಚುವವರೂ ಅವರೇ. ಕಾರ್ಡುಗಳನ್ನು ಓದಿಯೇ ಕೊಡುತ್ತಿದ್ದರು. ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಮೂಲೆ ಹರಿದ ಕಾರ್ಡು ಎಂದರೆ ಸಾವಿನ ಸುದ್ದಿ. ಅದನ್ನು ಓದಿ, ಹೊಸ್ತಿಲಾಚೆಯೇ ಹರಿದು ಬಿಸಾಕಬೇಕು. ಅಪ್ಪನ ತಾಯಿ, ನಮ್ಮ ಅಜ್ಜಿಗೆ ಓದಲು ಬಾರದು, ತಾಳ್ಮೆ ಮೊದಲೇ ಇಲ್ಲ. ಒಮ್ಮೆ ಅಂಥ ಕಾರ್ಡನ್ನು ಯಾರಿಗೂ ತೋರಿಸದೆ ಚೂರು ಚೂರು ಮಾಡಿಬಿಟ್ಟಳು. ಸತ್ತವರು ಯಾರೆಂದು ತಿಳಿಯದೆ ನಾವು ಎರಡು ದಿನ ಪರದಾಡಿದೆವು. ಅಂದಿನಿಂದ ಮಾಸ್ತರರು ಒಂದು ರೂಢಿ ಇಟ್ಟುಕೊಂಡರು: ಮೂಲೆ ಹರಿದ ಕಾರ್ಡು ಬಂದರೆ ಯಾರು, ಯಾವ ಊರು ಎಂದು ಮೊದಲು ಬಾಯಲ್ಲಿ ಹೇಳುವುದು, ಆಮೇಲೆ ಕಾರ್ಡು ಕೈಗೆ ಕೊಡುವುದು. ಓಣಿಯ ಎಲ್ಲ ಮನೆಗೂ ಹಾಗೆಯೇ.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಮನೆಯವರು ಬಂದು ನನ್ನನ್ನು ನೋಡಿಕೊಂಡು ಹೋದರು. ಹುಡುಗನ ತಂದೆ ಹಳೆಯ ಕಾಲದವರು. "ಪಸಂದ ಆದ್ರ ಅರಿಶಿಣ ಹಚ್ಚಿದ ಕಾರ್ಡ ಬರತೈತ್ರಿ" ಎಂದು ಹೇಳಿ ಎದ್ದರು. ಒಪ್ಪಿಗೆ ಬಂದರೆ ಮರುದಿನದಿಂದ ಕಾಲೇಜು ಬಂದ್ ಎಂದು ಅಪ್ಪ ತೀರ್ಮಾನ ಕೊಟ್ಟರು. ಪರೀಕ್ಷೆಗೆ ಎರಡೇ ತಿಂಗಳಿತ್ತು. ಹುಡುಗನ ಮೇಲೆ ನನಗೆ ಸಿಟ್ಟಿರಲಿಲ್ಲ. ಆತ ಪಾಪ ಉಪ್ಪಿಟ್ಟು ತಿಂದು ಸುಮ್ಮನೆ ಕೂತಿದ್ದ. ನನಗೆ ಪರೀಕ್ಷೆ ಬರೆಯಬೇಕಿತ್ತು, ಅಷ್ಟೇ.

ವಾರ ಕಳೆದ ಮೇಲೆ ಮಾಸ್ತರರು ಕಿಟಕಿಯಿಂದ ನನ್ನನ್ನು ಕರೆದರು. "ಬ್ಯಾಡಗಿಯವರದು ಬಂದೈತವಾ. ಅವರಿಗೆ ಪಸಂದ ಆಗೀದಿ. ವಾರದಾಗ ನಿಮ್ಮ ಒಪ್ಪಿಗಿ ತಿಳಸ್ರಿ, ಇಲ್ಲಾಂದ್ರ ಬ್ಯಾರೆ ಕಡೆ ನೋಡ್ತೇವಿ ಅಂತ ಬರದಾರ. ಅಪ್ಪಾರಿಗೆ ಕೊಡು." ಕಾರ್ಡು ಕೊಟ್ಟು, ಚೀಲ ಹೆಗಲಿಗೇರಿಸಿ ಟಪಾಲು ಹಂಚಲು ಹೊರಟರು.

ಕಾರ್ಡಿನ ಒಂದು ಮೂಲೆಗೆ ಅರಿಶಿಣವಿತ್ತು. ಆ ಮೂಲೆಯನ್ನೇ ಹರಿದುಬಿಟ್ಟೆ. ಪೂರ್ತಿ ಹರಿಯಲು ಮಾತ್ರ ಧೈರ್ಯ ಬರಲಿಲ್ಲ. ಶುಭದ ಕಾಗದ ಹರಿದ ಪಾಪ ನನಗೆ ಬೇಡವಾಗಿತ್ತು. ಉಳಿದದ್ದನ್ನು ಅಜ್ಜಿಯೇ ಹರಿಯಲಿ ಎಂದು, ಅವಳು ಅಕ್ಕಿ ಆರಿಸಲು ಕೂರುವ ಹೊರಕಟ್ಟೆಯ ಮೇಲಿಟ್ಟು ಒಳಗೆ ಹೋದೆ. ಮಾಸ್ತರರು ನಾಳೆ ಅಪ್ಪನನ್ನು ಕೇಳಿಬಿಟ್ಟರೆ ಎಂಬುದು ಹೊಳೆಯಲೇ ಇಲ್ಲ. ಅಷ್ಟು ಜಾಣೆ ನಾನು!

ಅಜ್ಜಿಯ ಕೂಗಿಗೆ ಓಣಿಯೇ ಓಡಿಬಂತು. ನಾನು ಹೊರಗೆ ಬರುವಷ್ಟರಲ್ಲಿ ಕಾರ್ಡು ಚೂರಾಗಿ ಗಟಾರದಲ್ಲಿ ಹರಿದುಹೋಗಿತ್ತು. ಕರ್ಜಗಿಯಲ್ಲಿದ್ದ ಅವಳ ತಮ್ಮನಿಗೆ ಮೈಯಲ್ಲಿ ಹುಷಾರಿರಲಿಲ್ಲ. ಅವನೇ ಹೋದನೆಂದು ನಿಶ್ಚಯ ಮಾಡಿಕೊಂಡು, ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಕೂತು ಅತ್ತಳು. ಊಟ ಮುಟ್ಟಲಿಲ್ಲ. ಈಗ ಹೇಳಬೇಕು, ಈಗ ಹೇಳಬೇಕು ಅಂದುಕೊಳ್ಳುತ್ತಲೇ ನಾನು ಅವಳ ಬೆನ್ನು ಸವರುತ್ತ ಕೂತೆ. ಅಪ್ಪ ಸಂಜೆಯ ಬಸ್ಸಿಗೆ ಕರ್ಜಗಿಗೆ ಹೋದರು.

ಮರುದಿನ ಬೆಳಿಗ್ಗೆ ಅಪ್ಪನ ಜೊತೆ ಆ ತಮ್ಮನೇ ಬಸ್ಸಿಳಿದು ಬಂದರು. ಅಜ್ಜಿ ಅವರ ಮುಖ, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿ ಮತ್ತೆ ಅತ್ತಳು. "ಯಾರಿಗೋ ತಲಿಗೆ ಕಾಗಿ ಬಡದಿರಬೇಕು ಬಿಡಕ್ಕಾ. ದೋಷ ಹೋಗಲಿ ಅಂತ ಸುಳ್ಳ ಸಾವಿನ ಸುದ್ದಿ ಕಳಿಸ್ಯಾರ" ಎಂದು ಅವರು ನಕ್ಕರು. ಎಲ್ಲರೂ ನಕ್ಕರು, ಅಪ್ಪನೊಬ್ಬರನ್ನು ಬಿಟ್ಟು.

ಅಪ್ಪ ನೆಟ್ಟಗೆ ಕಿಟಕಿಗೆ ಹೋದರು. "ಬಾಯಿಲೆ ಹೇಳಲಾರದ ಮೂಲಿ ಹರದ ಕಾರ್ಡ ಹೆಂಗ ಇಟ್ಟ ಹೋದ್ರಿ? ಎಲ್ಲಿಂದ ಬಂದಿತ್ತು ಅದು?"

ಹಿಂದಿನ ದಿನ ನಮ್ಮ ಮನೆಗೆ ಬಂದದ್ದು ಒಂದೇ ಕಾರ್ಡು, ಬ್ಯಾಡಗಿಯವರದು. ಮಾಸ್ತರರು ಅಪ್ಪನನ್ನು ನೋಡಿದರು, ಬಾಗಿಲ ಹಿಂದೆ ನಿಂತಿದ್ದ ನನ್ನನ್ನು ನೋಡಿದರು. "ತಪ್ಪಾತ್ರಿ. ಗಡಿಬಿಡಿ ಒಳಗ ನನ್ನ ಲಕ್ಷ್ಯ ಇರಲಿಲ್ಲ" ಎಂದರು. ಕಾರ್ಡು, ಕವರು ಕೊಳ್ಳಲು ಬಂದವರೆಲ್ಲರ ಎದುರಿಗೆ ಅಪ್ಪ ಬಾಯಿಗೆ ಬಂದಂತೆ ಬೈದರು. ಕೊನೆಗೆ, "ನಿಮ್ಮ ಆಫೀಸಿಗೆ ಬ್ಯಾರೆ ಜಾಗಾ ನೋಡ್ಕೋರಿ" ಎಂದುಬಿಟ್ಟರು. ನಾನು ಬಾಗಿಲ ಹಿಂದೆಯೇ ಉಳಿದೆ.

ಓಣಿಯಲ್ಲಿ ಬೇರೆ ಕೋಣೆ ಸಿಗಲಿಲ್ಲ. ತಿಂಗಳೊಳಗೆ ನಮ್ಮ ಆಫೀಸು ಊರ ದೊಡ್ಡ ಪೋಸ್ಟ್ ಆಫೀಸಿನಲ್ಲಿ ಸೇರಿಹೋಯಿತು, ಗೋಡೆಯ ಡಬ್ಬಿಯನ್ನೂ ಕಿತ್ತುಕೊಂಡು ಹೋದರು. ಕೊನೆಯ ದಿನ ಮಾಸ್ತರರು ಸೈಕಲ್ಲಿಗೆ ತಕ್ಕಡಿ ಕಟ್ಟುತ್ತ ನನ್ನನ್ನು ಕೇಳಿದರು: "ಪರೀಕ್ಷಾ ಯಾವಾಗವಾ?" ಹೇಳಿದೆ. "ಛಂದಂಗ ಬರಿ" ಎಂದು ಹೊರಟರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಬ್ಯಾಡಗಿಯವರು ಬೇರೆ ಕಡೆ ಸಂಬಂಧ ಮಾಡಿಕೊಂಡರು. ನಾನು ಅವರಿಗೆ ಹಿಡಿಸಲಿಲ್ಲವೆಂದು ಅಪ್ಪ ತಿಳಿದರು, ಇವತ್ತಿಗೂ ಹಾಗೆಯೇ ತಿಳಿದಿದ್ದಾರೆ. ಪರೀಕ್ಷೆ ಬರೆದೆ, ಪಾಸಾದೆ, ಮುಂದೆ ರಾಣೇಬೆನ್ನೂರಿನ ಒಂದು ಶಾಲೆಯಲ್ಲಿ ಟೀಚರ್ ಆದೆ.

ನೌಕರಿ ಸಿಕ್ಕ ವಾರವೇ ಪೇಡೆ ಕಟ್ಟಿಸಿಕೊಂಡು ಅಗಡಿಗೆ ಹೋದೆ. ಮಾಸ್ತರರು ಆಗಲೇ ನಿವೃತ್ತರಾಗಿದ್ದರು. ನನ್ನ ತಪ್ಪನ್ನೆಲ್ಲ ಅವರೆದುರು ಒದರಿ, ಅಪ್ಪನಿಗೂ ಹೇಳಿ ನಿಮ್ಮ ಮೇಲಿನ ಅಪವಾದ ತೆಗೆಯುತ್ತೇನೆ ಎಂದೆ.

"ನಿಮ್ಮಪ್ಪಾರ ಬೈಗಳಾ ಅವತ್ತ ಮರತೇನಿ ಬಿಡವಾ," ಎಂದರು. ಪೇಡೆಯ ಪೊಟ್ಟಣ ಬಿಚ್ಚುತ್ತ ಕೇಳಿದರು: "ತಮ್ಮ ಸತ್ತನಂತ ನಿಮ್ಮಜ್ಜಿ ಅಷ್ಟ ಅತ್ರಲ್ಲ, ಅವರಿಗೆ ಹೇಳಿದೇನು?"

ಇಲ್ಲ ಎಂದೆ. ಅಜ್ಜಿ ತೀರಿಕೊಂಡು ಆಗಲೇ ವರ್ಷವಾಗಿತ್ತು.